ಸೂಟ್‌ಕೇಸ್ ಇಳಿಸುವ ಮುನ್ನ ಲಸಿಕೆ ಕಾರ್ಡ್ ಹುಡುಕಿ



ಮೊದಲೆಲ್ಲ ನಮ್ಮ ಭಾಗದಲ್ಲಿ ಹೊರದೇಶ ಎಂದರೆ ಸೌದಿ, ದುಬೈ, ಕುವೈತ್. ದುಡಿಯಲು ಹೋಗುವುದು, ಎರಡು ವರ್ಷಕ್ಕೊಮ್ಮೆ ರಜೆಗೆ ಬರುವುದು. ಈಗ ಮಾಲೂರಿನಿಂದ ರೈಲು ಹತ್ತಿ, ಮುಳಬಾಗಿಲಿನಿಂದ ಬಸ್ಸು ಹಿಡಿದು ಬೆಂಗಳೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳು ಬೇರೆಯದೇ ಸುದ್ದಿ ತರುತ್ತಿದ್ದಾರೆ. ಕಾಲೇಜಿಗೂ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದೆ, ಒಂದು ಸೆಮಿಸ್ಟರ್ ಅಲ್ಲಿ ಓದಬಹುದು, ಅಲ್ಲಿನ ಅಂಕ ಇಲ್ಲಿನ ಪದವಿಗೆ ಸೇರುತ್ತದೆ ಎನ್ನುತ್ತಾರೆ. ಯುರೋಪಿನ ಎರಾಸ್ಮಸ್ ಯೋಜನೆ 1987ರಲ್ಲಿ ಅಲ್ಲಿನ ದೇಶಗಳೊಳಗೆ ಶುರುವಾದದ್ದು. ಇಂದು ಅದರ ಬಾಗಿಲು ಭಾರತದ ವಿದ್ಯಾರ್ಥಿಗಳಿಗೂ ತೆರೆದಿದೆ. ನಮ್ಮ ಯುಜಿಸಿ ಕೂಡ 2022ರ ನಿಯಮಗಳಲ್ಲಿ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಪದವಿ ಕೊಡಲು ದಾರಿ ಮಾಡಿದೆ. ಸಂತೋಷದ ವಿಷಯ. ಹೋಗಬೇಕು.

ಆದರೆ ಮನೆಗಳಲ್ಲಿ ನಡೆಯುವ ತಯಾರಿಯನ್ನು ನೋಡಿದರೆ ವೈದ್ಯನಾದ ನನಗೆ ಕಸಿವಿಸಿಯಾಗುತ್ತದೆ. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು, ದಪ್ಪ ಜಾಕೆಟ್ಟು, ಐದು ಕಿಲೋ ರಾಗಿ ಹಿಟ್ಟು, ಉಪ್ಪಿನಕಾಯಿ ಡಬ್ಬಿ ಎಲ್ಲ ಮುಗಿದ ಮೇಲೆ, ವಿಮಾನಕ್ಕೆ ಮೂರು ದಿನ ಇರುವಾಗ ದವಾಖಾನೆಗೆ ಬರುತ್ತಾರೆ. "ಹಕೀಂ ಸಾಹೇಬ್, ಮಗ ಆರು ತಿಂಗಳು ಹೋಗ್ತಾ ಇದ್ದಾನೆ, ಆರು ತಿಂಗಳಿಗೆ ಆಗೋಷ್ಟು ತಾಕತ್ತಿನ ಮಾಜೂನ್ ಕಟ್ಟಿಕೊಡಿ." ನಾನು ಕಟ್ಟಿಕೊಡುವುದಿಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೂರು ದಿನದಲ್ಲಿ ಮಾಡಲು ಆಗದ, ಮೂರು ನಾಲ್ಕು ತಿಂಗಳು ಮುಂಚೆ ಶುರುಮಾಡಲೇಬೇಕಾದ ಕೆಲಸವೊಂದಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಅದು ಲಸಿಕೆಯ ದಾಖಲೆ. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆಯನ್ನು ಎರಡು ಬಾರಿ ಹಾಕಿಸಿಕೊಂಡ ಪುರಾವೆ ಕೇಳುತ್ತವೆ. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ದಡಾರ ಇದೆ, ರುಬೆಲ್ಲಾ ಇದೆ, ಮಂಗನಬಾವು ಇಲ್ಲ. ಅಂದರೆ ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಎಲ್ಲ ಲಸಿಕೆಯನ್ನೂ ತಪ್ಪದೆ ಹಾಕಿಸಿದ ಮನೆಯ ಮಗುವಿಗೂ ಅಲ್ಲಿನ ಲೆಕ್ಕದಲ್ಲಿ ಒಂದು ಕೊರತೆ ಉಳಿದೇ ಇರುತ್ತದೆ. ಅದನ್ನು ಖಾಸಗಿಯಾಗಿ ಹಾಕಿಸಬೇಕು. ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬಿಡಬೇಕು. ಹೆಪಟೈಟಿಸ್ ಬಿ ಹಿಂದೆ ಹಾಕಿಸಿರದಿದ್ದರೆ ಅದರ ಮೂರು ಡೋಸಿನ ಸಾಮಾನ್ಯ ಕ್ರಮಕ್ಕೆ ಆರು ತಿಂಗಳು ಹಿಡಿಯುತ್ತದೆ. ಮೂರು ದಿನದಲ್ಲಿ ಯಾವ ಹಕೀಮನೂ ಯಾವ ಡಾಕ್ಟರೂ ಇದನ್ನು ಮುಗಿಸಿಕೊಡಲಾರ.

ಕಾರ್ಡ್ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಮೌನ. ತಾಯಿ ಕಾರ್ಡ್ ಮನೆ ಬದಲಿಸುವಾಗ ಹೋಯಿತು, ನಾನಿಯ ಟ್ರಂಕಿನಲ್ಲಿ ಇರಬಹುದು, ಹೀಗೆ. ಹುಡುಕಿ. ಸಿಗಲೇ ಇಲ್ಲವೆಂದರೆ ಗಾಬರಿ ಬೇಡ. ರಕ್ತ ಪರೀಕ್ಷೆಯಲ್ಲಿ ದೇಹದಲ್ಲಿ ರೋಗನಿರೋಧಕ ಅಂಶ ಇದೆಯೇ ಎಂದು ತಿಳಿಯಬಹುದು, ಇಲ್ಲವೇ ಲಸಿಕೆಯನ್ನೇ ಮತ್ತೆ ಹಾಕಿಸಬಹುದು. ಹಿಂದೆ ಹಾಕಿಸಿದ್ದರೂ ಮತ್ತೊಮ್ಮೆ ಹಾಕಿಸುವುದರಿಂದ ಹಾನಿಯಿಲ್ಲ. ಮದುವೆಯಾಗಿ ಗರ್ಭಿಣಿಯಾಗಿರುವ ವಿದ್ಯಾರ್ಥಿನಿಗೆ ಎಂಎಂಆರ್ ಕೊಡಬಾರದು.

ಇಲ್ಲಿ ಒಂದು ಹಳೆಯ ಮಾತನ್ನು ಎತ್ತಲೇಬೇಕು. ಈಗ ಇಪ್ಪತ್ತರ ಆಸುಪಾಸಿನಲ್ಲಿರುವ ಮಕ್ಕಳು 2017ರ ಫೆಬ್ರವರಿಯಲ್ಲಿ ಶಾಲೆಯಲ್ಲಿದ್ದರು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆಗ ಕರ್ನಾಟಕದಲ್ಲಿ ನಡೆಯಿತು. 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ. ಅದೇ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಏನೇನು ಓಡಾಡಿತು ನಿಮಗೆ ನೆನಪಿರಬಹುದು. ಆ ದಿನ ಮಗುವನ್ನು ಶಾಲೆಗೆ ಕಳಿಸದ ಮನೆಗಳು ನಮ್ಮಲ್ಲೂ ಇದ್ದವು. ಅಂದು ಬೇಡವೆಂದ ಅದೇ ತಂದೆ ಇಂದು ಮಗಳ ಸೀಟು ಉಳಿಯಲಿ ಎಂದು ಅದೇ ಲಸಿಕೆಗೆ ದುಡ್ಡು ಕೊಡಲು ಸಿದ್ಧ. ಇದನ್ನು ಚುಚ್ಚಲು ಹೇಳುತ್ತಿಲ್ಲ. ಲಸಿಕೆಯಲ್ಲಿ ಹಂದಿಯ ಜೆಲಾಟಿನ್ ಇರಬಹುದೆಂಬ ಅಂಜಿಕೆ ಪ್ರಾಮಾಣಿಕವಾದದ್ದೇ. 1995ರಲ್ಲಿ ಕುವೈತ್‌ನಲ್ಲಿ ಉಲಮಾಗಳು ಮತ್ತು ವೈದ್ಯರು ಸೇರಿ ಇದನ್ನೇ ಚರ್ಚಿಸಿದರು. ವಸ್ತು ತನ್ನ ಮೂಲ ಸ್ವರೂಪವನ್ನು ಕಳೆದುಕೊಂಡು ಬೇರೆಯದಾಗಿ ಮಾರ್ಪಟ್ಟಾಗ ಅದರ ಬಳಕೆಗೆ ಅಡ್ಡಿಯಿಲ್ಲ ಎಂಬ ನಿಲುವಿಗೆ ಬಂದರು. ಇನ್ನೊಂದನ್ನೂ ನೋಡಿ. ಹಜ್‌ಗೆ ಹೋಗುವ ನಮ್ಮ ಹಿರಿಯರೆಲ್ಲ ಮೆದುಳುಪೊರೆಯ ಉರಿಯೂತದ ಲಸಿಕೆ ಹಾಕಿಸಿಕೊಂಡೇ ವಿಮಾನ ಹತ್ತುತ್ತಾರೆ, ಸೌದಿ ಸರ್ಕಾರದ ಕಟ್ಟುನಿಟ್ಟು ಅದು. ಯಾವ ಮೊಹಲ್ಲಾದಲ್ಲೂ ಯಾರೂ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ. ಹಾಸ್ಟೆಲ್‌ನಲ್ಲಿ ಇರುವ ವಿದ್ಯಾರ್ಥಿಗಳಿಂದ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಕೇಳುವುದೂ ಅದೇ ಲಸಿಕೆಯನ್ನೇ. ಅಜ್ಜನಿಗೆ ಆದದ್ದು ಮೊಮ್ಮಗನಿಗೂ ಆಗಲಿ.

ಕ್ಷಯದ ಪರೀಕ್ಷೆಯದು ಇನ್ನೊಂದು ಗೋಜಲು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಬಿಸಿಜಿ ಹಾಕುತ್ತೇವೆ. ಅದರಿಂದಾಗಿ ಕೈಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯಲ್ಲಿ ರೋಗವಿಲ್ಲದವನಿಗೂ ಊತ ಬರಬಹುದು. ಐಜಿಆರ್‌ಎ ಎಂಬ ರಕ್ತ ಪರೀಕ್ಷೆಗೆ ಆ ತೊಂದರೆಯಿಲ್ಲ. ವಿಶ್ವವಿದ್ಯಾಲಯ ಎರಡರಲ್ಲಿ ಯಾವುದಾದರೂ ಸರಿ ಎಂದರೆ ಇದನ್ನೇ ಮಾಡಿಸಿ. ಎಂಎಂಆರ್ ಹಾಕಿಸಿದ ಮೇಲೆ ಮಾಡಿಸುವುದಾದರೆ ಅದೇ ದಿನ, ಇಲ್ಲವೇ ನಾಲ್ಕು ವಾರ ಕಳೆದ ಮೇಲೆ. ಇಂಗ್ಲೆಂಡ್‌ಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೋಗುವ ಭಾರತೀಯರು ವೀಸಾಕ್ಕೇ ಕ್ಷಯದ ಪ್ರಮಾಣಪತ್ರ ಕೊಡಬೇಕು, ಅದೂ ಅವರು ಮಾನ್ಯ ಮಾಡಿದ ಕೇಂದ್ರದಿಂದಲೇ. ಆರು ತಿಂಗಳೊಳಗಿನ ಓದಿಗೆ ಅದು ಬೇಕಿಲ್ಲ.

ಈ ಆರು ತಿಂಗಳ ಗೆರೆಯನ್ನು ನೆನಪಿಡಿ, ಇನ್ನೊಂದು ಕಡೆ ಅದು ಕೈಕೊಡುತ್ತದೆ. ಇಂಗ್ಲೆಂಡ್‌ನಲ್ಲಿ ಆಸ್ಪತ್ರೆ ಪುಕ್ಕಟೆ ಎಂದು ಕೇಳಿರುತ್ತೀರಿ. ವೀಸಾದ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಹೋಗುವವರ ಮಾತು ಅದು. ಒಂದೇ ಸೆಮಿಸ್ಟರ್‌ಗೆಂದು ಆರು ತಿಂಗಳೊಳಗಿನ ವೀಸಾದಲ್ಲಿ ಹೋಗುವವರು ಆ ಸರ್‌ಚಾರ್ಜ್ ಕಟ್ಟುವುದಿಲ್ಲ. ಅಪೆಂಡಿಕ್ಸ್ ನೋವು ಬಂದು ವಾರ್ಡಿಗೆ ದಾಖಲಾದರೆ ಬಿಲ್ ಅವರ ಕೈಗೇ ಬರುತ್ತದೆ. ಖಾಸಗಿ ವಿಮೆ ಮಾಡಿಸಿಯೇ ಹೋಗಬೇಕು. ಜರ್ಮನಿಯಲ್ಲಿ ವಿಮೆಯ ಪುರಾವೆ ಇಲ್ಲದೆ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಲು ಬಿಡುವುದಿಲ್ಲ. ಅಮೆರಿಕಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಜೆ-1 ವೀಸಾದಲ್ಲಿ ಹೋಗುವವರಿಗೆ ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ವಿಮೆ ಕಡ್ಡಾಯ. ರೋಗಿಯನ್ನು ಊರಿಗೆ ಸಾಗಿಸಲು 50,000 ಡಾಲರ್, ಮಯ್ಯಿತ್ ಊರಿಗೆ ತರಲು 25,000 ಡಾಲರ್ ಎಂದೂ ನಿಯಮದಲ್ಲಿ ಬರೆದಿದೆ. ಓದುವಾಗ ಎದೆ ಧಸಕ್ಕೆನ್ನುತ್ತದೆ, ಆದರೂ ಓದಿಯೇ ಸಹಿ ಮಾಡಿ.

ವಿಮೆಯ ಅರ್ಜಿಯಲ್ಲಿ "ಈಗಾಗಲೇ ಇರುವ ಕಾಯಿಲೆ" ಎಂಬ ಸಾಲು ಇರುತ್ತದೆ. ನನಗೆ ಹೆಚ್ಚು ಚಿಂತೆ ತರುವುದು ಈ ಸಾಲು. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ, ಇನ್ಹೇಲರ್ ಬಳಸುತ್ತಾಳೆ. ಹುಡುಗನಿಗೆ ಹೈಸ್ಕೂಲಿನಲ್ಲಿ ಎರಡು ಬಾರಿ ಫಿಟ್ಸ್ ಬಂದಿತ್ತು, ಮಾತ್ರೆ ನಡೆಯುತ್ತಿದೆ. ತಂದೆ ತಾಯಿ "ಇಲ್ಲ" ಎಂದು ಗುರುತು ಹಾಕಿಸುತ್ತಾರೆ. ಕೇಳಿದರೆ ಪೇಟೆಯಲ್ಲಿ ಗೊತ್ತಾದರೆ ನಾಳೆ ಸಂಬಂಧ ಬರುವುದಿಲ್ಲ ಎನ್ನುತ್ತಾರೆ. ಆ ಅರ್ಜಿಯನ್ನು ಓದುವವನು ವಿಮೆ ಕಂಪನಿಯ ಗುಮಾಸ್ತ, ನಿಮ್ಮ ಬೀಗರಲ್ಲ. ಮುಚ್ಚಿಟ್ಟದ್ದು ಒಂದು ದಿನ ಹಾಸ್ಟೆಲ್ ಕೋಣೆಯಲ್ಲಿ ಬಯಲಾದರೆ ಕಂಪನಿ ಹಣ ಕೊಡಲು ನಿರಾಕರಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಜೊತೆಗಿರುವ ಗೆಳತಿಗೆ ಇನ್ಹೇಲರ್ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಫಿಟ್ಸ್ ಬಂದವನ ಬಾಯಿಗೆ ಚಮಚ ತುರುಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು ಎಂದು ಪಕ್ಕದ ಕೋಣೆಯ ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ದಯವಿಟ್ಟು ಬರೆಯಿರಿ. ಬಳಸುವ ಮಾತ್ರೆಗಳ ಮೂಲ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲ, ಔಷಧದ ಹೆಸರನ್ನು ವೈದ್ಯರಿಂದ ಓದಲು ಬರುವ ಅಕ್ಷರದಲ್ಲಿ ಬರೆಸಿಕೊಳ್ಳಿ. ಔಷಧ ಅದರ ಪೊಟ್ಟಣದಲ್ಲೇ ಇರಲಿ, ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ದಾರಿಯಲ್ಲಿ ತಪ್ಪಿಹೋಗುವುದುಂಟು.

ಈಗ ಮಾಜೂನಿನ ವಿಷಯ. ಯುನಾನಿ ವೈದ್ಯನೇ ಯುನಾನಿ ಔಷಧ ಕೊಡದಿದ್ದರೆ ಹೇಗೆ ಎಂದು ಹಲವರು ಮುನಿಸಿಕೊಂಡಿದ್ದಾರೆ. ನನ್ನ ಕಾರಣಗಳು ಹೀಗಿವೆ. ಚೀಟಿಯಿಲ್ಲದ ಡಬ್ಬಿಯಲ್ಲಿರುವ ಕಪ್ಪು ಲೇಹ್ಯ ಏನೆಂದು ಯಾವ ದೇಶದ ಕಸ್ಟಮ್ಸ್ ಅಧಿಕಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗಲಿ ಎಂದು ನಿರೀಕ್ಷಿಸುವುದೂ ತಪ್ಪು. ಕುಶ್ತಾ ಎಂದರೆ ಲೋಹ, ಖನಿಜಗಳ ಭಸ್ಮ. ಪಾದರಸ, ಸೀಸ, ಆರ್ಸೆನಿಕ್ ಇರುವ ಇಂಥ ಔಷಧಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿದೆ; ವೈದ್ಯನ ಕಣ್ಣಳತೆಯಲ್ಲಿ ಇಲ್ಲದೆ ಆರು ತಿಂಗಳು ತಿನ್ನುವಂಥದ್ದಂತೂ ಅಲ್ಲವೇ ಅಲ್ಲ. ಬರ್ಶಾಶಾದಂಥ ಹಳೆಯ ಯೋಗದಲ್ಲಿ ಅಫೀಮು ಇದೆ, ಮಾಜೂನ್ ಫಲಕ್‌ಸೈರ್‌ನಲ್ಲಿ ಭಂಗಿ ಇದೆ. ಅಜ್ಜನ ಕಾಲದ ಡಬ್ಬಿಯೊಂದನ್ನು ಚಾಚಾ ಪ್ರೀತಿಯಿಂದ ಪೆಟ್ಟಿಗೆಗೆ ಸೇರಿಸಿದರೆ ಹುಡುಗ ವಿಮಾನ ನಿಲ್ದಾಣದಿಂದ ಎಲ್ಲಿಗೆ ಹೋಗುತ್ತಾನೆ ಎಂದು ಯೋಚಿಸಿ. ಆಸ್ಟ್ರೇಲಿಯಾಕ್ಕೆ ಹೋಗುವವರು ಜೇನು, ಬೀಜ, ಬೇರು, ಹಾಲಿನ ಪದಾರ್ಥ ಏನಿದ್ದರೂ ಇಳಿಯುವ ಮುನ್ನವೇ ಕಾಗದದಲ್ಲಿ ಬರೆದು ತೋರಿಸಬೇಕು, ಇಲ್ಲದಿದ್ದರೆ ದಂಡ. ನಮ್ಮ ಖಮೀರ, ಇತ್ರಿಫಲ್‌ಗಳೆಲ್ಲ ಜೇನು ಸಕ್ಕರೆ ಪಾಕದಲ್ಲೇ ಆದವು.

ಔಷಧಕ್ಕಿಂತ ಮೊದಲು ಅಡುಗೆಮನೆಯನ್ನು ನೋಡಿ. ಗಸಗಸೆ ನಮಗೆ ಪಾಯಸ, ಕುರ್ಮಾ, ಬಿರಿಯಾನಿ ಮಸಾಲೆ. ಯುಎಇಯಲ್ಲಿ, ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದ ನಿಷೇಧಿತ ಪದಾರ್ಥ. ನಿಮ್ಮ ಮಗಳು ಓದಲು ಹೋಗುವುದು ಯುರೋಪಿಗೇ ಆದರೂ ವಿಮಾನ ಬದಲಿಸುವುದು ದುಬೈಯಲ್ಲಿ ಇರಬಹುದು. ಅಮ್ಮಿ ಮನೆಯಲ್ಲಿ ಕುಟ್ಟಿ ಕೊಟ್ಟ ಮಸಾಲೆ ಪುಡಿಯಲ್ಲಿ ಗಸಗಸೆ ಬೇಡವೇ ಬೇಡ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಾಡಾಲ್ ನೋವಿನ ಮಾತ್ರೆಗೂ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟಿದೆ.

ಹಾಗಾದರೆ ಏನು ಒಯ್ಯಬೇಕು? ಒಂದು ಪೊಟ್ಟಣ ಇಸಬ್‌ಗೋಲ್. ಬ್ರೆಡ್ಡು ಚೀಸಿನ ಊಟಕ್ಕೆ ಮಲಬದ್ಧತೆ ಖಂಡಿತ. ಲೈಸೆನ್ಸ್ ಇರುವ ಕಂಪನಿಯ ಮುಚ್ಚಳ ಒಡೆಯದ ಜೋಶಾಂದಾ ಪೊಟ್ಟಣ ಹತ್ತು, ಪದಾರ್ಥಗಳ ಪಟ್ಟಿ ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು. ಓಆರ್‌ಎಸ್, ಪ್ಯಾರಾಸಿಟಮಾಲ್, ಬ್ಯಾಂಡೇಜು. ಶುಂಠಿ, ಓಮ, ಸೋಂಪು ಅಲ್ಲಿಯೂ ಸಿಗುತ್ತದೆ. ಇಲ್ಲಿ ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಆಂಟಿಬಯಾಟಿಕ್ ಕೊಡುತ್ತಾರೆ. ಆ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಲಿ, ಬಂದ ಮೇಲೂ ಬೇಡ.

ಇಬ್ನ್ ಸೀನಾ ತನ್ನ ಅಲ್-ಖಾನೂನ್‌ನಲ್ಲಿ ಪ್ರಯಾಣಿಕರಿಗೆಂದೇ ಒಂದು ಭಾಗ ಬರೆದಿದ್ದಾನೆ. ಊಟ ಬದಲಾದದ್ದಕ್ಕಿಂತ ನೀರು ಬದಲಾದದ್ದು ಪ್ರಯಾಣಿಕನನ್ನು ಹೆಚ್ಚು ಕಾಡುತ್ತದೆ ಎಂಬುದು ಅವನ ಅಭಿಪ್ರಾಯ. ನಮ್ಮ ಜಿಲ್ಲೆಯವರ ಮಟ್ಟಿಗೆ ಇದನ್ನು ಸ್ವಲ್ಪ ತಿರುಗಿಸಿ ಹೇಳಬೇಕಾಗಿದೆ. ಪಶ್ಚಿಮ ಯುರೋಪಿನ ಬಹುತೇಕ ಊರುಗಳಲ್ಲಿ ನಲ್ಲಿಯ ನೀರು ನೇರ ಕುಡಿಯಲು ಯೋಗ್ಯ, ಅಲ್ಲಿನ ನೀರಿಗೆ ಹೆದರುವುದೇನೂ ಬೇಡ. ತೊಂದರೆ ನಾವು ಇಲ್ಲಿ ಕುಡಿದು ಬೆಳೆದ ನೀರಿನದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯಲು ತಕ್ಕದ್ದಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಎಷ್ಟೋ ಕೊಳವೆಬಾವಿಗಳು ಆ ಮಿತಿಯನ್ನು ದಾಟಿವೆ. ನಮ್ಮ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳೇ ಸಾಕ್ಷಿ. ಹೊರದೇಶದಲ್ಲಿ ಹಲ್ಲಿನ ಚಿಕಿತ್ಸೆ ಬಲು ದುಬಾರಿ, ಪ್ರಯಾಣದ ವಿಮೆಯಲ್ಲಿ ತುರ್ತು ನೋವಿನ ಹೊರತು ಹಲ್ಲು ಸೇರಿರುವುದು ಅಪರೂಪ. ಆದ್ದರಿಂದ ಎರಡು ತಿಂಗಳು ಮುಂಚೆ ದಂತವೈದ್ಯರ ಬಳಿ ಹೋಗಿ ಹುಳುಕು ತುಂಬಿಸಿ, ಅಡ್ಡ ಬೆಳೆಯುತ್ತಿರುವ ಬುದ್ಧಿಹಲ್ಲನ್ನು ತೋರಿಸಿ. ಕನ್ನಡಕದವರು ಇನ್ನೊಂದು ಜೊತೆ ಮಾಡಿಸಿಕೊಳ್ಳಿ.

ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹುಡುಗಿ ಆಯ್ಕೆಯಾಗಿರುತ್ತಾಳೆ, ಮಾರ್ಕ್ಸ್ ಇರುತ್ತದೆ, ಕಾಲೇಜಿನವರು ಶುಲ್ಕವನ್ನೂ ಬಿಟ್ಟಿರುತ್ತಾರೆ. ಆಗ ಮನೆಯಲ್ಲಿ ಒಂದು ಮಾತು ಏಳುತ್ತದೆ: "ಅವಳಿಗೆ ಕಮ್ಜೋರಿ, ಆ ಚಳಿ ತಡೆಯುವುದಿಲ್ಲ." ದಾದಿ ಹೇಳುತ್ತಾರೆ, ಚಾಚಿ ಹೌದೆನ್ನುತ್ತಾರೆ, ಅಬ್ಬಾ ಸುಮ್ಮನಾಗುತ್ತಾರೆ. ಕಮ್ಜೋರಿ ಎನ್ನುವುದು ಕಾಯಿಲೆಯ ಹೆಸರಲ್ಲ. ಅದರ ಹಿಂದೆ ಏನಿದೆ ಎಂದು ನೋಡಬೇಕು, ನೋಡಲು ಒಂದು ರಕ್ತ ಪರೀಕ್ಷೆ ಸಾಕು. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ನನ್ನ ಬಳಿ ಬರುವ ಕಾಲೇಜು ಹುಡುಗಿಯರಲ್ಲಿ 9, 10 ಕಾಣುವುದು ಅಪರೂಪವೇನಲ್ಲ. ಕಬ್ಬಿಣದ ಮಾತ್ರೆ, ಜಂತುವಿನ ಮಾತ್ರೆ, ಊಟದ ಜೊತೆ ಚಹಾ ಕುಡಿಯುವುದನ್ನು ನಿಲ್ಲಿಸುವುದು, ಮುಟ್ಟಿನ ಸ್ರಾವ ಹೆಚ್ಚಿದ್ದರೆ ಸ್ತ್ರೀರೋಗ ತಜ್ಞೆಯ ಸಲಹೆ. ಮೂರು ತಿಂಗಳಲ್ಲಿ ಬಹುಪಾಲು ಹುಡುಗಿಯರು ಸರಿಹೋಗುತ್ತಾರೆ. ವರದಿಯಲ್ಲಿ 12 ಬಂದ ಮೇಲೂ ಮನೆಯವರು ಬೇಡವೆಂದರೆ ಕಾರಣ ಚಳಿಯಲ್ಲ ಎಂದು ಆ ಹುಡುಗಿಗೂ ಗೊತ್ತಾಗುತ್ತದೆ. ಕಳಿಸುವುದು ಬಿಡುವುದು ತಂದೆತಾಯಿಯ ತೀರ್ಮಾನ. ಆದರೆ ಅವಳ ದೇಹದ ಮೇಲೆ ಸುಳ್ಳು ಹೊರಿಸಬೇಡಿ. "ನೀನು ಅಶಕ್ತೆ" ಎಂದು ಇಪ್ಪತ್ತು ವರ್ಷ ಕೇಳಿದವಳು ಅದನ್ನು ನಂಬುತ್ತಾಳೆ. ಹದಿನಾಲ್ಕನೇ ಶತಮಾನದಲ್ಲಿ ನಮ್ಮದೇ ಕರಾವಳಿಯ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ.

ಉತ್ತರದ ಚಳಿದೇಶಕ್ಕೆ ಹೋಗುವ, ಮೈ ಮುಚ್ಚುವ ಉಡುಪು ತೊಡುವ ಹುಡುಗಿಯರಿಗೆ ವಿಟಮಿನ್ ಡಿ ಬೇಕಾಗುತ್ತದೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ ಶರತ್ಕಾಲ ಮತ್ತು ಚಳಿಗಾಲದಲ್ಲಿ ಎಲ್ಲರಿಗೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ಸೂಚಿಸುತ್ತದೆ. ಕಪ್ಪು, ಕಂದು ಮೈಬಣ್ಣದವರು, ಮೈ ಮುಚ್ಚಿಕೊಳ್ಳುವವರು ವರ್ಷವಿಡೀ ತೆಗೆದುಕೊಳ್ಳಬಹುದು. ಜೆಲಾಟಿನ್ ಕವಚ ಬೇಡವೆನ್ನುವವರಿಗೆ ಅದೇ ಮದ್ದು ಮಾತ್ರೆಯ ರೂಪದಲ್ಲಿ ಸಿಗುತ್ತದೆ. ನಮ್ಮಲ್ಲಿ ವಾರಕ್ಕೊಂದರಂತೆ ಕೊಡುವ 60,000 ಯೂನಿಟ್ಟಿನ ಪುಡಿಯನ್ನು ದಿನಾ ನುಂಗಬೇಡಿ, ಅದು ವಿಷವಾಗುತ್ತದೆ.

ಶುಚಿತ್ವದ ವಿಷಯ ಬರೆಯಲು ಸಂಕೋಚಪಟ್ಟರೆ ಈ ಪುಟವೇಕೆ ಬೇಕು? ಅಲ್ಲಿನ ಶೌಚಾಲಯದಲ್ಲಿ ನೀರಿರುವುದಿಲ್ಲ, ಬರೀ ಕಾಗದ. ಅದಕ್ಕೇ ಹಲವು ಹುಡುಗಿಯರು ಕಾಲೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂರುತ್ತಾರೆ. ಮೂತ್ರದ ಸೋಂಕಿಗೆ ಇದಕ್ಕಿಂತ ನೇರ ದಾರಿ ಇಲ್ಲ. ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳಲ್ಲಿ ಒಂದು ಇಸ್ತಿಫ್ರಾಗ್ ಮತ್ತು ಇಹ್ತಿಬಾಸ್, ಅಂದರೆ ಹೊರಹೋಗಬೇಕಾದದ್ದು ಹೋಗುವುದು, ಉಳಿಯಬೇಕಾದದ್ದು ಉಳಿಯುವುದು. ಚೀಲದಲ್ಲಿ ಮಡಚುವ ಚಿಕ್ಕ ಬಾಟಲಿ ಇರಲಿ, ನಾಚಿಕೆ ಬೇಡ. ವುಜೂ ಮಾಡಿದ ಮೇಲೆ ಕಾಲ್ಬೆರಳ ಸಂದುಗಳನ್ನು ಒರೆಸಿಯೇ ಕಾಲುಚೀಲ ಹಾಕಿ. ಒದ್ದೆ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿ ಬೂಟಿನೊಳಗೆ ಎಂಟು ಗಂಟೆ ಇಟ್ಟರೆ ಬೂಷ್ಟು ಗ್ಯಾರಂಟಿ.

ಗಂಡುಮಕ್ಕಳಿಗೆ ಅಡುಗೆ ಕಲಿಸಿ. ಹಲಾಲ್ ಮಾಂಸ ಸಿಗದ ಊರಿನಲ್ಲಿ ಚಿಪ್ಸು, ಬಿಸ್ಕತ್ತು ತಿಂದು ಆರು ತಿಂಗಳು ಕಳೆದವನು ಆರೋಗ್ಯ ಕೆಡಿಸಿಕೊಂಡು ಬರುತ್ತಾನೆ. ಬೇಳೆ, ಮೊಟ್ಟೆ, ಮೀನು, ತರಕಾರಿ ಎಲ್ಲೆಡೆ ಸಿಗುತ್ತದೆ. ಮುದ್ದೆ ತಿರುವಲು ಬಂದರೆ ಇನ್ನೂ ಒಳ್ಳೆಯದು. ಉಳಿದ ಅನ್ನವನ್ನು ರಾತ್ರಿಯೆಲ್ಲ ಒಲೆಯ ಮೇಲೆ ಬಿಡಬಾರದು, ಬೇಗ ಆರಿಸಿ ಫ್ರಿಜ್‌ನಲ್ಲಿಡಬೇಕು. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಸ್ಟೆಲ್‌ನಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಹೊಗೆಯ ಗಂಟೆ ಹೊಡೆದರೆ ಇಡೀ ಕಟ್ಟಡ ಬೀದಿಗೆ ಬರುತ್ತದೆ.

2026ರಲ್ಲಿ ರಂಜಾನ್ ಫೆಬ್ರವರಿ-ಮಾರ್ಚ್‌ನಲ್ಲಿ ಬರುತ್ತದೆ, ಮುಂದಿನ ಕೆಲವು ವರ್ಷ ಚಳಿಗಾಲದ ಕಡೆಗೇ ಸರಿಯುತ್ತದೆ. ಉತ್ತರ ದೇಶಗಳಲ್ಲಿ ಆಗ ಹಗಲು ಚಿಕ್ಕದು. ಲಂಡನ್ನಿನ ಜನವರಿಯ ಉಪವಾಸ ಕೋಲಾರದ ಉಪವಾಸಕ್ಕಿಂತ ಬೇಗ ಮುಗಿಯುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಮಾತ್ರ ಹೊರಡುವ ಮುನ್ನವೇ ವೈದ್ಯರೊಡನೆ ಮಾತನಾಡಿ ಹೋಗಬೇಕು.

ಕೊನೆಯದಾಗಿ ನಿದ್ದೆ ಮತ್ತು ಮನಸ್ಸು. ಮೊದಲ ವಾರದ ನಿದ್ದೆಗೇಡಿಗೆ ಮಾತ್ರೆ ಬೇಡ, ಬೆಳಗಿನ ಬಿಸಿಲಿನಲ್ಲಿ ನಡೆದಾಡಿದರೆ ದೇಹದ ಗಡಿಯಾರ ಹೊಂದಿಕೊಳ್ಳುತ್ತದೆ. ಎರಡನೇ ತಿಂಗಳ ಬೇಸರ ಇದಕ್ಕಿಂತ ಕಠಿಣ. ಹೊಸತನ ಮುಗಿದಿರುತ್ತದೆ, ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ. ಎರಡು ವಾರ ಮೀರಿ ಊಟ ಸೇರದೆ, ನಿದ್ದೆ ಬಾರದೆ, ತರಗತಿಗೆ ಹೋಗಲು ಮನಸ್ಸಾಗದಿದ್ದರೆ ಅಲ್ಲಿನ ವಿಶ್ವವಿದ್ಯಾಲಯದ ಸಲಹೆಗಾರರನ್ನು ಕಾಣಲಿ. ಅದನ್ನು "ಹುಚ್ಚಿನ ಡಾಕ್ಟರ್" ಎಂದು ಮನೆಯಲ್ಲಿ ನಗಬೇಡಿ. ಫೋನಿನ ವಿಷಯದಲ್ಲಿ ನನ್ನ ವಿನಂತಿ ತಾಯಂದಿರಿಗೆ. ಚಳಿಗಾಲದಲ್ಲಿ ಇಂಗ್ಲೆಂಡ್ ನಮಗಿಂತ ಐದೂವರೆ ಗಂಟೆ, ನ್ಯೂಯಾರ್ಕ್ ಹತ್ತೂವರೆ ಗಂಟೆ ಹಿಂದಿರುತ್ತವೆ. ನೀವು ಫಜ್ರ್ ನಮಾಜ್ ಮುಗಿಸಿ ಕರೆ ಮಾಡಿದಾಗ ಇಂಗ್ಲೆಂಡಿನಲ್ಲಿ ನಡುರಾತ್ರಿ. ಅವರ ಸಂಜೆಯ ಹೊತ್ತನ್ನು ಲೆಕ್ಕಹಾಕಿ, ದಿನಕ್ಕೊಮ್ಮೆ ಸಾಕು. ವಿಮೆಯ ಪಾಲಿಸಿ ಸಂಖ್ಯೆ, ವಿಶ್ವವಿದ್ಯಾಲಯದ ತುರ್ತು ಫೋನ್ ಸಂಖ್ಯೆ, ಜೊತೆಗಿರುವ ಒಬ್ಬ ಗೆಳೆಯನ ಅಥವಾ ಗೆಳತಿಯ ಸಂಖ್ಯೆ, ಇವನ್ನು ಕಾಗದದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಆಗಸ್ಟಿನಲ್ಲಿ ಹೊರಡುವವರ ಮನೆಯಲ್ಲಿ ಏಪ್ರಿಲ್‌ನಲ್ಲೇ ನಾನಿಯ ಟ್ರಂಕು ತೆರೆಯಲಿ.